ಜಲಪಾತ ಕಾಣಲಿಲ್ಲ, ಆದರೂ ನಾಲ್ಕು ಸ್ಟಾರ್

ಉಂಚಳ್ಳಿ ಜಲಪಾತ ನೋಡಬೇಕು ಅಂತ ದಾವಣಗೆರೆಯಿಂದ ಹೋಗಿ ಮಂಜು ನೋಡಿ ಬಂದವಳು ನಾನು. ಮಂಜು ಅಂದರೆ ಅರೆಬರೆ ಮಂಜಲ್ಲ. ಎದುರಿಗೆ 116 ಮೀಟರ್ ಎತ್ತರದಿಂದ ಒಂದು ಇಡೀ ಹೊಳೆ ಬೀಳುತ್ತಿದೆ, ನನಗೆ ಕಾಣುತ್ತಿರುವುದು ಕಂಬಿ ಹಿಡಿದಿರುವ ನನ್ನದೇ ಕೈ. ಒಂದು ಗಂಟೆ ನಲವತ್ತು ನಿಮಿಷ ಕಾದರೂ ಅದಕ್ಕಿಂತ ಮುಂದಿನದು ಕಾಣಲಿಲ್ಲ.

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೇನೆ. ಕೊಟ್ಟ ದುಡ್ಡಿಗೆ ಏನು ಬಂತು ಅಂತ ಲೆಕ್ಕ ಹಾಕದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಈ ಬರಹ. ನಾವು ಉಳಿದದ್ದು ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಕಡೆಯ ಒಂದು ಹೋಂಸ್ಟೇಯಲ್ಲಿ. ಮನೆಯ ಹೆಸರು ಹಾಕುವುದಿಲ್ಲ. ಬೇಸರ ಏನಿತ್ತೋ ಅದನ್ನು ಅವರ ಜಗುಲಿಯಲ್ಲೇ ಕೂತು ಹೇಳಿ ಬಂದಿದ್ದೇನೆ. ಆ ಕಡೆ ಇಂಥ ಮನೆಗಳು ಒಂದೆರಡಲ್ಲ. ಫೋನ್ ಮಾಡಿ ಕೇಳುವಾಗ ಏನು ಕೇಳಬೇಕು ಅನ್ನುವುದಕ್ಕಾದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಖರ್ಚು. ಇಬ್ಬರು, ನಾನು ಮತ್ತು ಅಕ್ಕನ ಮಗಳು. ಜುಲೈ ಕೊನೆ, ಎರಡು ರಾತ್ರಿ. ಊಟ-ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 1,800, ಒಟ್ಟು 7,200. ಉಂಚಳ್ಳಿಗೆ ದಾರಿ ತೋರಿಸುವವರಿಗೆ 1,000. ಯಾಣಕ್ಕೆ ಜೀಪು 2,800. ಉಂಬಳದ (ಜಿಗಣೆ ಹತ್ತದಿರಲು ಹಾಕುವ) ಸಾಕ್ಸ್ ಬಾಡಿಗೆ ತಲಾ ನೂರು, ಇಬ್ಬರಿಗೆ 200. ಮೊತ್ತ 11,200. ಬಸ್ಸಿಗೆ ಒಂದು ಪೈಸೆ ಹೋಗಲಿಲ್ಲ. ಇಬ್ಬರೂ ಹೆಂಗಸರು, ಶಕ್ತಿ ಯೋಜನೆ, ಆಧಾರ್ ತೋರಿಸಿ ಹಾವೇರಿಯಲ್ಲಿ ಬಸ್ ಬದಲಿಸಿ ಶಿರಸಿಗೆ ಹೋದೆವು. ಮನೆ ಹತ್ತಿರ ನೆಟ್‌ವರ್ಕ್ ಇಲ್ಲ, ಫೋನ್‌ಪೇ ನಡೆಯುವುದಿಲ್ಲ. ಇದನ್ನು ಅವರು ಮೊದಲೇ ಹೇಳಲಿಲ್ಲ. ನನ್ನ ಕೈಚೀಲದಲ್ಲಿ ನೋಟು ಇಲ್ಲದ ದಿನ ಇಲ್ಲ, ಬಚಾವಾದೆವು. ನೀವು ಮರೆಯದೆ ನಗದು ಇಟ್ಟುಕೊಳ್ಳಿ.

ನಮ್ಮೂರಲ್ಲಿ ವರ್ಷಕ್ಕೆ 600–700 ಮಿಲಿಮೀಟರ್ ಮಳೆ ಬಂದರೆ ಒಳ್ಳೆ ವರ್ಷ. ಇಲ್ಲಿ ಅದರ ಮೂರು-ನಾಲ್ಕು ಪಟ್ಟು. ಹಾನಗಲ್ ದಾಟಿದ ಮೇಲೆ ಬಸ್ಸಿನ ಕಿಟಕಿ ಮುಚ್ಚಿದ್ದು, ಮತ್ತೆ ತೆಗೆದದ್ದು ವಾಪಸ್ ಬರುವಾಗ. ಮನೆ ತಲುಪುವ ಹೊತ್ತಿಗೆ ಇಬ್ಬರೂ ತೊಯ್ದ ಕೋಳಿಗಳು. ಮನೆಯಾಕೆ ಬಾಗಿಲಲ್ಲೇ, "ಆಸರಿಗೆ ಎಂತ ಕೊಡಲಿ?" ಅಂದರು. ಆಸರೆ ಕೊಡುತ್ತಿದ್ದೀರಲ್ಲ, ಇನ್ನೇನು ಅಂದೆ. ನಕ್ಕುಬಿಟ್ಟರು. ಆಸರಿಗೆ ಅಂದರೆ ಬಾಯಾರಿಕೆಗೆ ಕುಡಿಯುವುದು ಅಂತೆ. ಬಿಸಿ ಕಷಾಯ ಬಂತು. ಗೀಸರ್ ಇದೆ ಅಂತ ಫೋನಿನಲ್ಲಿ ಹೇಳಿದ್ದರು. ಇತ್ತು, ಆದರೆ ಕರೆಂಟ್ ಇರಲಿಲ್ಲ. ಇದನ್ನು ದೂರು ಅಂತ ಬರೆದುಕೊಳ್ಳಲು ಹೊರಟವಳು ಬಚ್ಚಲಿಗೆ ಹೋಗಿ ನೋಡಿದರೆ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಅಂಚಿನವರೆಗೆ ಕುದಿಯುವ ನೀರು. ದೂರು ಅಲ್ಲಿಗೆ ವಜಾ. ಒದ್ದೆ ಬಟ್ಟೆಯನ್ನೂ ಆ ಒಲೆಯ ಮೇಲಿನ ಹಗ್ಗಕ್ಕೇ ಹಾಕಿದೆವು. ಎರಡು ದಿನ ನಮ್ಮಿಬ್ಬರ ಮೈಯೂ ಹೊಗೆ ಹಾಕಿದ ಅಡಿಕೆ ವಾಸನೆ.

ಹಾಸಿಗೆ ಮಾತ್ರ ಮುಗ್ಗುಲು ವಾಸನೆ. ಮಳೆಗಾಲದಲ್ಲಿ ಯಾರೇನು ಮಾಡಲಾಗುತ್ತದೆ ಅಂತ ನನ್ನ ಅಕ್ಕನ ಮಗಳು ಉದಾರಿ. ಬಿಸಿಲು ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಕೆಂಡ ಸಾಕು, ಕೆಂಡಕ್ಕೆ ಆ ಮನೆಯಲ್ಲಿ ಬರವಿಲ್ಲ ಅಂತ ನಾನು.

ಊಟದ ಬಗ್ಗೆ ಜಾಸ್ತಿ ಬರೆದರೆ ಇಡೀ ಬರಹ ಅದೇ ಆಗುತ್ತದೆ. ಬೆಳಿಗ್ಗೆ ತೆಳ್ಳೇವು, ಜೋನಿ ಬೆಲ್ಲ, ತುಪ್ಪ. ನಾನು ಬೆಣ್ಣೆದೋಸೆ ಊರಿನವಳು, ದೋಸೆ ವಿಷಯದಲ್ಲಿ ಸುಲಭಕ್ಕೆ ಸೋಲುವುದಿಲ್ಲ. ಆದರೆ ಕರವಸ್ತ್ರದಷ್ಟು ತೆಳ್ಳಗೆ ಎಬ್ಬಿಸುವ ಆ ಕೈಚಳಕಕ್ಕೆ ಏಳು ತಿಂದೆ. ಮಧ್ಯಾಹ್ನ ಒಂದೆಲಗದ ತಂಬುಳಿ. ರಾತ್ರಿ ಅಪ್ಪೆಹುಳಿ. ಅನ್ನಕ್ಕೆ ಕಲಸಿಕೊಂಡು ಮುಗಿದ ಮೇಲೂ ಲೋಟದಲ್ಲಿ ಹಾಕಿಸಿಕೊಂಡು ಕುಡಿದೆ. ಅದನ್ನು ಕುಡಿದರೆ ನಿದ್ದೆ ಜಾಸ್ತಿ ಅಂದರು, ನಿಜ.

ಈಗ ನಡಿಗೆಯ ವಿಷಯ.

"ಸುಲಭದ ದಾರಿ, ಮಕ್ಕಳೂ ಬರ್ತಾರೆ" ಅಂತ ಫೋನಿನಲ್ಲಿ ಹೇಳಿದ್ದರು. ಯಾವ ಮಕ್ಕಳು, ಯಾವ ತಿಂಗಳಲ್ಲಿ ಅಂತ ನಾನು ಕೇಳಬೇಕಿತ್ತು. ಜಲಪಾತದ ಹತ್ತಿರದವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು. ನಮಗೆ ನಡೆಯುವ ಆಸೆ. ಹೆಗ್ಗರಣೆಯಿಂದ ಸುಮಾರು 5 ಕಿಲೋಮೀಟರ್ ಕಾಡಿನ ನಡುವೆ ಹೋಗೋಣ ಅಂತ ಒಪ್ಪಿಕೊಂಡಿದ್ದೆವು. ಬಿಸಿಲಿನ ದಿನ ಅದು ಸುಲಭವೇ ಇರಬಹುದು. ಪುಷ್ಯ ಮಳೆಯಲ್ಲಿ ಐವತ್ತನಾಲ್ಕರ ಮಂಡಿಗೆ ಅಲ್ಲ.

ಕರೆದುಕೊಂಡು ಹೋದವರು ಕೊನೆಗೌಡರು. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರನ್ನು ಅಲ್ಲಿ ಹಾಗೇ ಕರೆಯುತ್ತಾರೆ. ನನ್ನಷ್ಟೇ ವಯಸ್ಸು, ತಲೆಗೆ ಅಡಿಕೆ ಹಾಳೆಯ ಟೋಪಿ, ಬೆನ್ನಿಗೆ ಪ್ಲಾಸ್ಟಿಕ್ ಕೊಪ್ಪೆ, ಸೊಂಟದ ಕೊಕ್ಕೆಯಲ್ಲಿ ಕತ್ತಿ. ಕೈಯಲ್ಲಿ ಒಂದು ಕೋಲು, ಅದರ ತುದಿಗೆ ಸುಣ್ಣ-ತಂಬಾಕು ಕಟ್ಟಿದ ಬಟ್ಟೆಗಂಟು. ಉಗುರಿನ ಸಂದಿಯೆಲ್ಲ ನೀಲಿ. ನನಗೆ ಮೊದಲು ಕಂಡದ್ದೇ ಆ ನೀಲಿ. ಬ್ಯಾಂಕಿನಲ್ಲಿ ಬೆರಳಿಗೆ ಇಂಕು ಹತ್ತುತ್ತದಲ್ಲ, ಹಾಗೆ. ಕೇಳಿದೆ. "ಮೈಲುತುತ್ತ ಅಕ್ಕಾ. ಕೊಳೆ ಮದ್ದು" ಅಂದರು.

ಈ ಮದ್ದಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ, ಎಳೆ ಕಾಯಿ ಕೊಳೆತು ಉದುರುತ್ತದೆ. ತಡೆಯಲು ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅಂಟಲಿಕ್ಕೆ ಒಂದಿಷ್ಟು ರಾಳ. ಮಳೆ ಶುರುವಿನಲ್ಲಿ ಒಂದು ಸಲ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಸುರಿಯುವ ಮಳೆಯಲ್ಲಿ ಹೊಡೆಯಲು ಬರುವುದಿಲ್ಲ, ಒದ್ದೆ ಮರ ಹತ್ತಲೂ ಆಗುವುದಿಲ್ಲ. ಮಳೆ ಬಿಟ್ಟು ನಾಲ್ಕು ಗಂಟೆ ಹೊಳವಾದರೆ ಊರಿನ ಎಲ್ಲ ತೋಟದವರೂ ಇವರನ್ನೇ ಕಾಯುತ್ತಿರುತ್ತಾರೆ. ನಾವು ಹೋದದ್ದು ಸರಿಯಾಗಿ ಎರಡನೇ ಮದ್ದಿನ ಹೊತ್ತಿಗೆ.

ಅಂದರೆ ಏನಾಯಿತು ನೋಡಿ. ಮಳೆ ಸುರಿಯುವ ದಿನ ಮಾತ್ರ ಇವರು ಬಿಡುವು. ಮಳೆ ಸುರಿಯುವ ದಿನ ಜಲಪಾತ ಮಂಜಿನೊಳಗೆ. ಹೊಳವಾದ ದಿನ ಜಲಪಾತ ಕಾಣುತ್ತದೆ, ಇವರು ಅಡಿಕೆ ಮರದ ಮೇಲೆ. ಇಷ್ಟು ಸರಳ ಲೆಕ್ಕವನ್ನು ಹೋಂಸ್ಟೇಯವರು ನಮಗೆ ಬುಕ್ ಮಾಡುವಾಗಲೇ ಹೇಳಬಹುದಿತ್ತು. ಒಂದು ಸ್ಟಾರ್ ಕಳೆದದ್ದು ಮುಖ್ಯವಾಗಿ ಇದಕ್ಕೆ.

ಸಾಕ್ಸಿಗೂ ಅರ್ಧ ಕಳೆಯಬೇಕಿತ್ತು. ನಾವು ಜಿಗಣೆ ಅನ್ನುವುದನ್ನು ಅಲ್ಲಿ ಉಂಬಳ ಅನ್ನುತ್ತಾರೆ. ಮಂಡಿವರೆಗೆ ಬರುವ ದಪ್ಪ ಬಟ್ಟೆಯ ಚೀಲದಂಥ ಸಾಕ್ಸ್, ಅದರ ಮೇಲೆ ಶೂ. ನೂರು ರೂಪಾಯಿ ಬಾಡಿಗೆ ಕೊಟ್ಟ ನನ್ನ ಎಡಗಾಲಿನ ಸಾಕ್ಸಿಗೆ ಹೆಬ್ಬೆರಳ ಹತ್ತಿರ ತೂತು. ಯಾರೋ ಹೊಲಿದಿದ್ದರು, ಹೊಲಿಗೆ ಬಿಟ್ಟಿತ್ತು. ಆ ತೂತನ್ನು ಹುಡುಕಿಕೊಂಡು ಒಳಗೆ ಬಂದ ಉಂಬಳಗಳು ಮೂರು. ಹರಿದ ನೋಟನ್ನು ನಾನು ಯಾವತ್ತೂ ಗಿರಾಕಿಗೆ ಕೊಟ್ಟವಳಲ್ಲ. ಕೊನೆಗೌಡರು ಕೋಲಿನ ಗಂಟನ್ನು ಮುಟ್ಟಿಸಿದರು, ಉದುರಿದವು. ರಕ್ತ ಮಾತ್ರ ಸಂಜೆವರೆಗೆ ನಿಲ್ಲಲಿಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ. ಹೆದರುವಂಥದ್ದಲ್ಲ, ತುರಿಕೆ ಮಾತ್ರ ವಾರಗಟ್ಟಲೆ. ಅವರ ಕಾಲಿಗೆ ಸಾಕ್ಸೂ ಇಲ್ಲ, ಶೂವೂ ಇಲ್ಲ, ರಬ್ಬರ್ ಚಪ್ಪಲಿ. ಮೀನಖಂಡಕ್ಕೆ ಸುಣ್ಣ ಬಳಿದುಕೊಂಡಿದ್ದರು. ಹತ್ತಿದ್ದು ಒಂದೇ ಒಂದು. ಅದನ್ನೂ ನೊಣ ಓಡಿಸಿದ ಹಾಗೆ ತೆಗೆದೆಸೆದರು.

ನಡೆಯುವುದನ್ನು ಅವರು ಕಲಿಸಿದರು ಅನ್ನಬೇಕು. "ಬೇರಿನ ಮೇಲೆ ಕಾಲಿಡಬೇಡಿ ಅಕ್ಕಾ. ಕಲ್ಲನ್ನಾದರೂ ನಂಬಬಹುದು, ಒದ್ದೆ ಬೇರನ್ನು ನಂಬೂ ಹಾಗಿಲ್ಲ." ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ. ನಿಂತಲ್ಲಿ ಜಾಸ್ತಿ ಹೊತ್ತು ನಿಲ್ಲಬಾರದು, ನಿಂತರೆ ಉಂಬಳ. ಇಷ್ಟು ಹೇಳಿ ಮುಂದೆ ಹೋಗುತ್ತಿದ್ದರು, ಪ್ರತಿ ತಿರುವಿನಲ್ಲೂ ತಿರುಗಿ ನೋಡುತ್ತಿದ್ದರು. ನಾನು ಏದುಸಿರು ಬಿಡುವುದು ಕಂಡರೆ ಅವರಿಗೇ ಏನೋ ನೆನಪಾದ ಹಾಗೆ ಒಂದು ಮರದ ಹತ್ತಿರ ನಿಂತು ಅದರ ಹೆಸರು ಹೇಳುತ್ತಿದ್ದರು. ಇದು ಉಪ್ಪಾಗೆ. ಇದು ಮುರುಗಲು. ಇದು ಬೈನೆ. ಇದು ರಾಮಪತ್ರೆ. ಐದಾರು ಮರ ಆದ ಮೇಲೆ ನನಗೆ ಗೊತ್ತಾಯಿತು, ಇದು ನನ್ನ ಮಂಡಿಗಾಗಿ ನಡೆಯುತ್ತಿರುವ ಪಾಠ. ಅವರು ಒಮ್ಮೆಯೂ "ಸುಸ್ತಾಯ್ತಾ?" ಅಂತ ಕೇಳಲಿಲ್ಲ. ಮಾನ ಉಳಿಸಿದರು.

ಈ ಕಾಡು ಸಿಂಗಳೀಕಗಳದ್ದು. ಅವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಮೀಸಲು ಅಂತ ಘೋಷಿಸಿದ್ದರು. ಕಂಡವೇ ಅಂದರೆ ಅವೂ ಕಾಣಲಿಲ್ಲ. ಒಂದು ಕಡೆ ಯಾರೋ ಪೋಲಿ ಹುಡುಗ ಹಾಡಿನ ಸಾಲು ಮರೆತು ಅಲ್ಲಲ್ಲೇ ಸಿಳ್ಳೆ ಹಾಕಿದ ಹಾಗೆ ಕೇಳಿತು. "ಹಕ್ಕಿ ಅದು" ಅಂದರು. ಅದೂ ಕಾಣಲಿಲ್ಲ.

ಸದ್ದು ಮಾತ್ರ ಮೊದಲೇ ಶುರುವಾಗಿತ್ತು. ಮಳೆಯ ಸದ್ದು ಅಂದುಕೊಂಡಿದ್ದೆ. ಮಳೆ ನಿಂತರೂ ಅದು ನಿಲ್ಲಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಅಭ್ಯಾಸದಂತೆ ಎಣಿಸುತ್ತಿದ್ದೆ. ಎಲ್ಲೋ ನೂರರ ಆಚೆ ಎಣಿಕೆ ತಪ್ಪಿತು. ಮೂವತ್ತೊಂದು ವರ್ಷದಲ್ಲಿ ಗದ್ದಲಕ್ಕೆ ನನ್ನ ಎಣಿಕೆ ತಪ್ಪಿದ್ದು ಇದೇ ಮೊದಲು ಇರಬೇಕು, ಪಿಂಚಣಿ ದಿನದ ಗದ್ದಲದಲ್ಲೂ ತಪ್ಪಿರಲಿಲ್ಲ. ಈ ಜಲಪಾತಕ್ಕೆ ಕೆಪ್ಪ ಜೋಗ ಅಂತ ಇನ್ನೊಂದು ಹೆಸರಿದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ಲಶಿಂಗ್ಟನ್ ಫಾಲ್ಸ್ ಅಂತಲೂ ಒಂದು ಹೆಸರು, 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರನದ್ದು. ಅವನು ಕಂಡ, ಅವನ ಹೆಸರು ಬಂತು. ನಾನು ಕಾಣಲಿಲ್ಲ, ಬಿಲ್ ಬಂತು.

ವೀಕ್ಷಣೆಯ ಕಟ್ಟೆಗೆ ಬಂದೆವು. ಎದುರಿಗೆ ಬಿಳಿ. ಮೇಲೆ ಬಿಳಿ, ಕೆಳಗೆ ಬಿಳಿ. "ಎಲ್ಲಿದೆ?" ಅಂತ ಕಿರುಚಿದೆ. ಅವರು ಕೋಲು ಎತ್ತಿ ನೇರ ಎದುರಿಗೆ ತೋರಿಸಿದರು. ಕನ್ನಡಕ ಒರೆಸಿದೆ, ಮತ್ತೆ ತುಂತುರು ಕೂತಿತು. ಕಬ್ಬಿಣದ ಕಂಬಿ ಹಿಡಿದೆ. ಕಂಬಿ ನಡುಗುತ್ತಿತ್ತು. ನೋಟು ಎಣಿಸುವ ಮಷಿನ್ ಓಡುವಾಗ ಅದರ ಮೇಲೆ ಕೈ ಇಟ್ಟರೆ ಹೇಗೆ ಅಂಗೈ ಜುಮ್ ಅನ್ನುತ್ತದೋ ಹಾಗೆ. ಆದರೆ ಮಷಿನ್ ನೂರು ನೋಟಿಗೆ ನಿಲ್ಲುತ್ತದೆ.

ಕಾಯೋಣ ಅಂದರು. ಕೂತೆವು. ಬಾಳೆಲೆಯಲ್ಲಿ ಕಟ್ಟಿಕೊಟ್ಟ ಮೊಸರನ್ನ, ಮಿಡಿ ಉಪ್ಪಿನಕಾಯಿ, ಮೆತ್ತಗಾದ ಹಲಸಿನ ಹಪ್ಪಳ ತಿಂದೆವು. ಕಟ್ಟಿದ್ದು ಇಬ್ಬರಿಗೆ ಮಾತ್ರ, ಮೂವರಲ್ಲಿ ಹಂಚಿಕೊಂಡೆವು. ನಡೆಸುವವರಿಗೂ ಒಂದು ಪೊಟ್ಟಣ ಕಟ್ಟಬೇಕು ಅಂತ ಯಾಕೆ ಹೊಳೆಯಲಿಲ್ಲವೋ. ಸದ್ದಿನಲ್ಲಿ ಮಾತು ಕಷ್ಟ, ಕಿವಿಯ ಹತ್ತಿರ ಬಂದು ಒಂದೊಂದೇ ವಾಕ್ಯ ಹೇಳುತ್ತಿದ್ದರು. ಈ ಅಘನಾಶಿನಿ ಹೊಳೆ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಇಲ್ಲಿಯವರೆಗೆ ಗದ್ದೆ, ತೋಟ, ಬೆಟ್ಟದ ನಡುವೆ ಆರಾಮಾಗಿ ನಡೆದುಕೊಂಡು ಬರುತ್ತದೆ. "ಇಲ್ಲಿಗೆ ನೆಲ ಮುಗೀತದೆ ಅಕ್ಕಾ. ಆಚೆ ಎಲ್ಲ ಕೆಳಗೆ."

ಮನೆಗೆ ಬಂದು ನಕ್ಷೆ ನೋಡಿದ ಮೇಲೆ ಈ ಮಾತಿನ ತೂಕ ಗೊತ್ತಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲ ಘಟ್ಟದ ಮೇಲಿನ ಹಲಗೆಯಂಥ ನೆಲದಲ್ಲಿವೆ. ಅದರ ಪಶ್ಚಿಮದ ಅಂಚು ಕರಾವಳಿ ಕಡೆಗೆ ದಿಢೀರನೆ ಕಡಿದುಹೋಗುತ್ತದೆ. ಸಮುದ್ರಕ್ಕೆ ಹೊರಟ ಹೊಳೆಗಳೆಲ್ಲ ಆ ಅಂಚಿನಲ್ಲಿ ಧುಮುಕಲೇಬೇಕು. ಬೇಡ್ತಿ ಮಾಗೋಡಿನಲ್ಲಿ, ಅಘನಾಶಿನಿ ಉಂಚಳ್ಳಿಯಲ್ಲಿ, ಶರಾವತಿ ಜೋಗದಲ್ಲಿ. ಜೋಗ 253 ಮೀಟರ್, ಎತ್ತರದಲ್ಲಿ ಉಂಚಳ್ಳಿ ಅದರ ಅರ್ಧಕ್ಕೂ ಕಡಿಮೆ. ಆದರೆ ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ. ಜೋಗದಲ್ಲಿ ಎಷ್ಟು ನೀರು ಅನ್ನುವುದಕ್ಕೆ ಅಣೆಕಟ್ಟಿನ ಲೆಕ್ಕವೂ ಸೇರುತ್ತದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮೇಲೆ ಬಿದ್ದ ಮಳೆಯಷ್ಟೂ ಇಲ್ಲಿ ಬೀಳುತ್ತದೆ, ಆಮೇಲೆ ತದಡಿ ಹತ್ತಿರ ಸಮುದ್ರ. ಆ ಸದ್ದು ಹಾಗೆ ಯಾಕಿತ್ತು ಅಂತ ಈಗ ಗೊತ್ತು.

ಅಲ್ಲಿ ನಮ್ಮ ಹಿಂದೆಯೇ ಒಂದು ಹುಡುಗರ ಗುಂಪು ಬಂತು. ಐದು ನಿಮಿಷ ನೋಡಿದರು. "ಏನೂ ಇಲ್ಲ ಬಾರೋ" ಅಂತ ಹೊರಟರು. ಅವರನ್ನು ಕರೆತಂದ ಡ್ರೈವರ್ ಮೇಲಿನಿಂದ ಹಾರ್ನ್ ಹೊಡೆಯುತ್ತಲೇ ಇದ್ದ. ನಮ್ಮವರು ಗಡಿಯಾರವನ್ನೇ ಕಟ್ಟಿರಲಿಲ್ಲ. ಹೋಗೋಣವೇ ಅಂತ ಒಮ್ಮೆ ನಾನೇ ಕೇಳಿದೆ. "ನಿಮಗೆ ಸಾಕು ಅನ್ಸಿದ ಮೇಲೆ" ಅಂದರು. ಇನ್ನೊಂದು ಗಂಟೆ ಕೂತರೆ ಕಾಣುತ್ತದೆ ಅಂತಲೂ ಹೇಳಲಿಲ್ಲ. ಈಗ ಬಿಡುತ್ತದೆ, ಆಗ ಬಿಡುತ್ತದೆ ಅಂತ ಆಸೆ ಹುಟ್ಟಿಸುವುದು ಎಷ್ಟು ಸುಲಭ, ಅಲ್ವಾ? ಆಕಾಶ ನೋಡಿ, "ಇವತ್ತು ಕಷ್ಟ" ಅಂತ ಒಂದೇ ಮಾತು. ಆ ಸಾವಿರ ರೂಪಾಯಿ ಇಡೀ ಬಿಲ್ಲಿನಲ್ಲಿ ನಾನು ಸಂತೋಷದಿಂದ ಕೊಟ್ಟ ಸಾವಿರ. ಮೇಲೆ ಇನ್ನೂರು ಕೊಡಲು ಹೋದೆ. ನೂರು ತೆಗೆದುಕೊಂಡು ನೂರು ವಾಪಸ್ ಕೊಟ್ಟರು. ಯಾಕೆ ಅಂತ ನನಗೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಮೂರನೇ ದಿನ ಬೆಳಿಗ್ಗೆ ಎದ್ದರೆ ಹೊಳವು. ಆಕಾಶ ನೀಲಿ! ಅಕ್ಕನ ಮಗಳು ಹಲ್ಲುಜ್ಜುವುದನ್ನೂ ಬಿಟ್ಟು, "ಚಿಕ್ಕಮ್ಮಾ, ಉಂಚಳ್ಳಿಗೇ ಹೋಗೋಣ" ಅಂತ ಕುಣಿದಳು. ಕೊನೆಗೌಡರು ಎಲ್ಲಿ? ಮದ್ದು ಹೊಡೆಯಲು ಹೋಗಿ ಆಗಿತ್ತು. ಯಾಣಕ್ಕೆ ಹೇಳಿದ್ದ ಜೀಪು ಅಂಗಳದಲ್ಲಿ ನಿಂತಿತ್ತು, ಬದಲಿಸಿದರೂ ಬಾಡಿಗೆ ಕೊಡಲೇಬೇಕು ಅಂದರು. ಯಜಮಾನರು ಮನಸ್ಸು ಮಾಡಿದ್ದರೆ ಏನಾದರೂ ದಾರಿ ಮಾಡಬಹುದಿತ್ತು. ಮಾಡಲಿಲ್ಲ.

ಯಾಣ ಚೆನ್ನಾಗಿದೆ. ಕಪ್ಪು ಸುಣ್ಣಕಲ್ಲಿನ ಶಿಖರ, ಭೈರವೇಶ್ವರ 120 ಮೀಟರ್, ಮೋಹಿನಿ 90. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ಗಾದೆ. ಜೀಪಿಗೆ 2,800 ಕೊಟ್ಟು ಹೋದವರಲ್ಲಿ ಸೊಕ್ಕು ಎಷ್ಟು, ರೊಕ್ಕ ಎಷ್ಟು ಅಂತ ನೀವೇ ಹೇಳಿ. ವಿಭೂತಿ ಜಲಪಾತವನ್ನೂ ನೋಡಿದೆವು. ಕೆಂಪು ನೀರು, ಮೊಬೈಲ್ ಹಿಡಿದ ಜನ, ಎಲ್ಲವೂ ಸ್ಪಷ್ಟ. ಅರ್ಧ ಗಂಟೆಗೆ ಸಾಕಾಯಿತು. ಜೀಪಿನವನು ಒಳ್ಳೆಯವನು, ಮಾತು ಮಾತ್ರ ಇಲ್ಲ. ಬುರುಡೆ ಜಲಪಾತಕ್ಕೂ ಹೋಗುವ ಮನಸ್ಸಿತ್ತು. ಈ ಮಳೆಯಲ್ಲಿ ಆ ದಾರಿ ಬೇಡ ಅಂತ ಮನೆಯವರೇ ತಡೆದರು, ಅದು ಅವರ ಲೆಕ್ಕಕ್ಕೆ ಜಮೆ.

ಹೋಗುವವರಿಗೆ ಒಂದು ಮಾತು. ನೀರೂ ಬೇಕು, ಕಾಣಲೂ ಬೇಕು ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ. ಬೇಸಿಗೆಯಲ್ಲಿ ಕಾಡು ತಿರುಗುವ ಯೋಚನೆ ಇದ್ದರೆ ಮೊದಲು ಊರಿನವರನ್ನು ವಿಚಾರಿಸಿ. ಮಳೆಗಾಲಕ್ಕೆ ಉಂಬಳ, ಬೇಸಿಗೆಗೆ ಉಣುಗು, ಅಂದರೆ ಉಣ್ಣೆ ಹುಳ. ಉಂಬಳ ರಕ್ತ ಕುಡಿದು ಹೋಗುತ್ತದೆ, ಉಣುಗು ಮಂಗನ ಕಾಯಿಲೆ ತರಬಹುದು. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ಕಾಡು ಇರುವುದು ಪಕ್ಕದ ಸೊರಬ ತಾಲ್ಲೂಕಿನಲ್ಲೇ. ಇದನ್ನು ನನಗೆ ಹೇಳಿದ್ದೂ ಕೊನೆಗೌಡರೇ.

ಊರಿಗೆ ಬಂದ ಮೇಲೆ ಅಕ್ಕ ಫೋಟೋ ತೋರಿಸು ಅಂದಳು. ಉಂಚಳ್ಳಿಯದ್ದು ಹದಿನಾಲ್ಕು ಫೋಟೋ ಇವೆ, ಎಲ್ಲವೂ ಖಾಲಿ ಹಾಳೆ. ಮಗಳು ಸದ್ದು ರೆಕಾರ್ಡ್ ಮಾಡಿಕೊಂಡಿದ್ದಳು, ಅದನ್ನು ಹಾಕಿದಳು. ಮಿಕ್ಸಿ ಓಡಿದ ಹಾಗಿದೆ ಅಂತ ಅಕ್ಕ ಅಂದಳು. ಫೋನಿನಲ್ಲಿ ಹಾಗೇ ಕೇಳುತ್ತದೆ, ಸುಳ್ಳಲ್ಲ.

ಅಕ್ಟೋಬರ್‌ಗೆ ಅದೇ ಮನೆಯಲ್ಲಿ ಎರಡು ರಾತ್ರಿ ಹೇಳಿದ್ದೇನೆ. ಈ ಸಲ ರೂಮು ಕೇಳುವ ಮೊದಲು ಕೊನೆಗೌಡರು ಯಾವ ದಿನ ಬಿಡುವು ಅಂತ ಕೇಳಿದೆ. ಸಾಕ್ಸ್ ನಮ್ಮದೇ ಒಯ್ಯುತ್ತೇವೆ.